ಹಾವು ‘ಪಾಯ್ಸನಸ್’ ಅಲ್ಲ, ‘ವೆನಮಸ್’! ಏನಿದರ ವ್ಯತ್ಯಾಸ? ತಿಳಿದರೆ ಜೀವ ಉಳಿಯಬಹುದು

‘ಹಾವು ಕಚ್ಚಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ, ವಿಷ ಹೊರಬರುತ್ತದೆ.’ ಇಂಥ ಸಲಹೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಶಿವಮೊಗ್ಗ ತಾಲೂಕಿನ ಹೊಳಲೂರಿನಂಥ ಊರುಗಳಲ್ಲಿ ಗದ್ದೆ, ತೋಟದಲ್ಲಿ ದುಡಿಯುವವರಿಗೆ ಇದು ಸಾವು ಬದುಕಿನ ಪ್ರಶ್ನೆ. ಈ ಸಲಹೆ ತಪ್ಪು. ಏಕೆ ಎಂಬುದು ಎರಡು ಇಂಗ್ಲಿಷ್ ಪದಗಳಿಂದ ಸುಲಭವಾಗಿ ತಿಳಿಯುತ್ತದೆ.

ಎರಡು ಪದ, ಎರಡು ದಾರಿ

ಕನ್ನಡದಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕವೂ ವಿಷ, ಹಾವಿನದೂ ವಿಷ. ಇಂಗ್ಲಿಷಿನಲ್ಲಿ ನುಂಗಿದಾಗ, ಉಸಿರಾಡಿದಾಗ ಅಥವಾ ಚರ್ಮಕ್ಕೆ ತಗುಲಿದಾಗ ಹಾನಿ ಮಾಡುವುದು ‘ಪಾಯ್ಸನ್’. ಪ್ರಾಣಿಯ ದೇಹದಲ್ಲೇ ತಯಾರಾಗಿ, ಹಲ್ಲು ಅಥವಾ ಕೊಂಡಿಯ ಮೂಲಕ ನಮ್ಮೊಳಗೆ ಸೇರುವುದು ‘ವೆನಮ್’. ದತ್ತೂರಿ ಕಾಯಿ ಪಾಯ್ಸನಸ್. ನಾಗರಹಾವು, ಚೇಳು ವೆನಮಸ್.

ವ್ಯಾಕರಣದಲ್ಲೂ ವ್ಯತ್ಯಾಸವಿದೆ. ‘ಪಾಯ್ಸನ್’ ನಾಮಪದವೂ ಹೌದು, ‘ವಿಷವಿಕ್ಕು’ ಎಂಬ ಅರ್ಥದ ಕ್ರಿಯಾಪದವೂ ಹೌದು. ‘ವೆನಮ್’ ಸಾಮಾನ್ಯ ಬಳಕೆಯಲ್ಲಿ ನಾಮಪದ ಮಾತ್ರ. ‘ಪಾಯ್ಸನಸ್’, ‘ವೆನಮಸ್’ ಎರಡೂ ಗುಣವಾಚಕಗಳು. ಮಾತಿನಲ್ಲಿ ಇಂಗ್ಲಿಷ್ ಬಲ್ಲವರೂ ಹಾವನ್ನು ‘ಪಾಯ್ಸನಸ್’ ಎನ್ನುವುದುಂಟು. ಆದರೆ ವಿಜ್ಞಾನದ ಬಳಕೆಯಲ್ಲಿ ಇವು ಬೇರೆ ಬೇರೆ.

ವಾಂತಿ ಏಕೆ ಉಪಯೋಗವಿಲ್ಲ?

ಹಾವಿನ ವಿಷ ಹೊಟ್ಟೆಗೆ ಹೋಗಿರುವುದಿಲ್ಲ. ಕಚ್ಚಿದ ಜಾಗದಿಂದ ಅದು ದೇಹಕ್ಕೆ ಹರಡುತ್ತದೆ. ಇಲ್ಲದ ಕಡೆಯಿಂದ ಅದನ್ನು ವಾಂತಿಯಲ್ಲಿ ತೆಗೆಯುವುದು ಹೇಗೆ? ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯಾಗಿ ಕಟ್ಟುವುದೂ ಅಪಾಯ. ಇನ್ನು ಕೀಟನಾಶಕ, ಸೀಮೆಎಣ್ಣೆ ಕುಡಿದವರಿಗೂ ಮನೆಯಲ್ಲಿ ವಾಂತಿ ಮಾಡಿಸಬಾರದು. ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಹಾಗಾದರೆ ಏನು ಮಾಡಬೇಕು?

ಉಂಗುರ, ಬಳೆ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ನೋಡಿಕೊಳ್ಳಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಕೊಡುವ ಮದ್ದಿನ ಹೆಸರೇ ‘ಆ್ಯಂಟಿ ಸ್ನೇಕ್ ವೆನಮ್’. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದು ಇದು. ಹಾಗಾಗಿ ಹಾವನ್ನು ಹಿಡಿದು ತರುವ ಅಗತ್ಯವಿಲ್ಲ.

ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದೆ.

‘ವಾಂತಿ ಮಾಡಿಸಿ’ ಎಂಬ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಇದನ್ನು ಕಳಿಸಿ.