ಅಮೀನ ಮುಟ್ಟಬಾರದ ವಸ್ತುಗಳು

ಸಾಲ ತೀರಲಿಲ್ಲ. ಡಿಕ್ರಿ ಆಯಿತು, ಅಮಲ್ಜಾರಿ ಅರ್ಜಿಯೂ ಬಿತ್ತು. ಜಪ್ತಿ ವಾರಂಟು ಹಿಡಿದು ಕೋರ್ಟಿನ ಅಮೀನ ಮನೆ ಬಾಗಿಲಿಗೆ ಬಂದಿದ್ದಾನೆ. ಹೊತ್ತು ಮುಳುಗಿದ್ದರೆ ಅವನು ಹೊಸ್ತಿಲು ದಾಟುವಂತಿಲ್ಲ, ಬೆಳಗಾಗುವ ತನಕ ಕಾಯಬೇಕು. ಹಗಲಲ್ಲೇ ಬಂದರೂ ಮನೆಮಂದಿಗೆ ಬೇಕಾದ ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಉಡುವ ಬಟ್ಟೆಗೆ ಕೈ ಹಾಕುವಂತಿಲ್ಲ. ಹೀಗೆ ಅವನ ಕೈ ಕಟ್ಟಿರುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಮುಖ್ಯವಾಗಿ ಅದರ 60ನೇ ಕಲಂ.

ಈ ಕಲಮನ್ನು ಓದಿದಾಗಲೆಲ್ಲ ಬರೆದವರ ಕುಸುರಿಗೆ ತಲೆದೂಗುತ್ತೇನೆ. ಜಮೀನು, ಮನೆ, ಸರಕು, ಹಣ, ಚೆಕ್ಕು, ಷೇರು ಎಂದು ಮೊದಲು ಸಾಲಗಾರನ ಸರ್ವಸ್ವವನ್ನೂ ಬಲೆಗೆ ಎಳೆದುಕೊಳ್ಳುತ್ತದೆ. ಆಮೇಲೆ ಒಂದೊಂದನ್ನಾಗಿ ಹೊರಗೆ ಬಿಡುತ್ತದೆ. ಇಷ್ಟು ರೂಪಾಯಿಯ ಸಾಮಾನು ಇಟ್ಟುಕೊಳ್ಳಲಿ ಎಂದು ಬರೆದಿದ್ದರೆ ಕೆಲಸ ಸುಲಭವಿತ್ತು. ಪಟ್ಟಿ ಕಟ್ಟಿದವರು ಬೆಲೆಯ ಕಡೆ ನೋಡದೆ, ನಾಳೆ ಬೆಳಿಗ್ಗೆ ಈ ಮನುಷ್ಯ ಏನನ್ನು ಕೈಗೆತ್ತಿಕೊಂಡು ದುಡಿಯಬೇಕು ಎಂದು ಕೇಳಿಕೊಂಡಂತಿದೆ.

ಕುಶಲಕರ್ಮಿಯ ಹತಾರ ಅವನಿಗೇ ಉಳಿಯುತ್ತದೆ: ಕುಂಬಾರನ ತಿಗರಿ, ಕಮ್ಮಾರನ ತಿದಿ, ಬಡಗಿಯ ಉಳಿ ಬಾಚಿ. ರೈತನಿಗೆ ನೇಗಿಲು, ಕೂರಿಗೆ, ಕುಂಟೆ. ಜೊತೆಗೆ ಜೀವನೋಪಾಯಕ್ಕೆ ಬೇಕೆಂದು ನ್ಯಾಯಾಲಯಕ್ಕೆ ಕಂಡಷ್ಟು ದನ, ಬಿತ್ತನೆ ಬೀಜ. ಆ ಬೀಜವೆಂಬ ಮಾತಿನ ಬಳಿ ನಾನು ಪ್ರತಿಸಲವೂ ನಿಲ್ಲುತ್ತೇನೆ. ಅಟ್ಟದ ಮೇಲಿನ ಒಂದು ಚೀಲ ರಾಗಿಯನ್ನು ಹರಾಜು ಹಾಕಿದರೆ ಬಡ್ಡಿಗೂ ಸಾಲದು; ಬಿತ್ತಿದರೆ ಸುಗ್ಗಿಯಾದೀತು, ಸಾಲ ಕೊಟ್ಟವನ ಹಣವೂ ಅಲ್ಲಿಂದಲೇ ಬರಬೇಕು. ರೈತ, ಕೂಲಿಕಾರ, ಮನೆಗೆಲಸದಾಳು ತಾನೇ ವಾಸವಿರುವ ಸ್ವಂತ ಮನೆಗೂ ರಕ್ಷಣೆಯಿದೆ. ಆದರೆ ಹೊಲಕ್ಕೆ ಈ ಕಲಮಿನಲ್ಲಿ ಅಂಥ ಆಸರೆ ಇಲ್ಲ. ನೇಗಿಲು ಉಳಿದು ಹೊಲ ಹೋಗಬಹುದೆಂಬುದು ನನ್ನನ್ನು ಕಾಡುತ್ತದೆ.

ಧಾರ್ಮಿಕ ಆಚಾರದಂತೆ ಹೆಣ್ಣು ಅಗಲಲಾಗದ ಆಭರಣವನ್ನೂ ಮುಟ್ಟುವಂತಿಲ್ಲ. ತಾಳಿ ಎಂಬ ಪದ ಎಲ್ಲೂ ಬಂದಿಲ್ಲ. ಹೆಸರಿಸದೆ ಬಿಟ್ಟದ್ದರಿಂದಲೇ ಒಂದು ಮನೆಯ ಕರಿಮಣಿಗೂ ಇನ್ನೊಂದು ಮನೆಯ ಕಾಲುಂಗುರಕ್ಕೂ ಅಲ್ಲಿ ಜಾಗ ಸಿಕ್ಕಿದೆ.

ಸಂಬಳದ ಲೆಕ್ಕ ಬೇರೆ. ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಪಾಲು ನೌಕರನದು. 25,000 ರೂಪಾಯಿ ಸಂಬಳವಿದ್ದರೆ 17,000 ಅವನಿಗೆ. 8,000ಕ್ಕೆ ಮಾತ್ರ ಜಪ್ತಿ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹಿಡಿದ ಮೇಲೆ ಆ ಡಿಕ್ರಿಗಾಗಿ ಮತ್ತೆ ಸಂಬಳ ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಯಾದರೆ ಲೆಕ್ಕ ಬೇರೆ: ಸಂಬಳದ ಮೂರನೇ ಒಂದು ಪಾಲಿಗಷ್ಟೇ ರಕ್ಷಣೆ. ಮೊದಲು 400 ಇದ್ದ ಮಿತಿಯನ್ನು 1999ರ ತಿದ್ದುಪಡಿ 1,000ಕ್ಕೆ ಏರಿಸಿತು. ಇವತ್ತಿನ ದಿನಸಿ ಬೆಲೆಗೆ ಅದು ಏನೇನೂ ಅಲ್ಲ, ತಿದ್ದಲೇಬೇಕು.

ಇಡೀ ಕಲಮಿನ ಜಾಣ ಹೊಲಿಗೆ 1976ರಲ್ಲಿ ಬಿದ್ದದ್ದು. ನನಗೆ ಈ ರಕ್ಷಣೆ ಬೇಡ ಎಂದು ಸಾಲಗಾರನೇ ಬರೆದುಕೊಟ್ಟಿದ್ದರೂ ಆ ಕರಾರು ಅಸಿಂಧು. ಸಾಲ ಕೇಳುವಾಗ ಮನುಷ್ಯ ಯಾವ ಕಾಗದಕ್ಕಾದರೂ ಸಹಿ ಹಾಕಿಯಾನು ಎಂಬುದನ್ನು ಕಾನೂನು ಅರಿತಿತ್ತು. ಅಡವಿಟ್ಟ ಮನೆಯ ಮಾತು ಬೇರೆ. ಅದನ್ನು ಅಡಮಾನದ ಡಿಕ್ರಿಯ ಮೇಲೆ ಮಾರುವಾಗ ಈ ಕೊಡೆ ನೆರಳು ಕೊಡದು.

ದಿವಾಳಿ ಅರ್ಜಿ ಹಾಕುವವನಿಗೆ ಇದೇ ಪಟ್ಟಿ ಆಧಾರ. 2016ರ ಹೊಸ ದಿವಾಳಿ ಸಂಹಿತೆ ವ್ಯಕ್ತಿಗಳ ಪೈಕಿ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗಷ್ಟೇ ಜಾರಿಯಾಗಿದೆ. ಉಳಿದವರಿಗೆ ನಮ್ಮಲ್ಲಿ ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. ಅದರ 28ನೇ ಕಲಂ ಪ್ರಕಾರ, ಜಪ್ತಿಯಿಂದ ವಿನಾಯಿತಿ ಪಡೆದ ವಸ್ತು ದಿವಾಳಿಯಾದವನ ಸೊತ್ತಿನ ಲೆಕ್ಕಕ್ಕೇ ಸೇರುವುದಿಲ್ಲ. ಆದರೆ ಒಂದು ವಸ್ತುವನ್ನು ಮಾತ್ರ ಅದು ಬೇರೆ ಮಾಡುತ್ತದೆ: ಲೆಕ್ಕದ ಪುಸ್ತಕ. ಜಪ್ತಿಗೆ ಬಂದ ಅಮೀನ ಅದನ್ನು ಮುಟ್ಟುವಂತಿಲ್ಲ. ದಿವಾಳಿಯೆಂದು ಅರ್ಜಿ ಹಾಕಿದವನು ಅದನ್ನು ತಾನೇ ತಂದು ಒಪ್ಪಿಸಬೇಕು. ಯಾರಿಗೆ ಎಷ್ಟು ಬಾಕಿ, ಯಾವ ಸೊತ್ತು ಎತ್ತ ಹೋಯಿತು ಎಂದು ಸಾಲ ಕೊಟ್ಟವರಿಗೆ ತಿಳಿಯಬೇಕಾದದ್ದು ಆ ಖಾತೆ ಕಿರ್ದಿಗಳಿಂದಲೇ.