ಕಾರ್ ಸ್ಪೀಕರ್‌ನ ಧ್ವನಿ: ಕಣ್ಣಿಗೆ ಬೀಳದ ಕ್ರಾಸ್‌ಓವರ್‌ನ ಲಾಭ-ನಷ್ಟ

ಕಾರಿಗೆ ಸ್ಪೀಕರ್ ಕೊಳ್ಳುವ ಗ್ರಾಹಕನು ಮೊದಲು ನೋಡುವುದು ಅದರ ಗಾತ್ರವನ್ನು. ಅನಂತರ ಪೆಟ್ಟಿಗೆಯ ಮೇಲೆ ಮುದ್ರಿತವಾದ ವ್ಯಾಟ್ ಸಂಖ್ಯೆಯನ್ನು. ಧ್ವನಿಯ ಗುಣವನ್ನೂ ಸ್ಪೀಕರ್‌ನ ಆಯುಸ್ಸನ್ನೂ ಬಹುಮಟ್ಟಿಗೆ ನಿರ್ಣಯಿಸುವ ಮತ್ತೊಂದು ಭಾಗವು ಆತನ ಗಮನಕ್ಕೆ ಬರುವುದೇ ಇಲ್ಲ. ಅದೇ ಪ್ಯಾಸಿವ್ ಕ್ರಾಸ್‌ಓವರ್. ಪಂಚಗಂಗಾವಳಿಯು ಕಡಲನ್ನು ಸೇರುವ ಗಂಗೊಳ್ಳಿಯಂತಹ ಬಂದರು ಊರುಗಳಲ್ಲಿ ಉಪ್ಪುಗಾಳಿ, ಮಳೆಗಾಲದ ತೇವ ಹಾಗೂ ಬೇಸಿಗೆಯ ಕಾವು ಈ ಭಾಗವನ್ನು ವರ್ಷವಿಡೀ ಪರೀಕ್ಷೆಗೆ ಒಡ್ಡುತ್ತವೆ. ಆದುದರಿಂದ ಕುಂದಾಪುರ–ಬೈಂದೂರು ಪರಿಸರದ ವರ್ತಕರು ಇದರ ಒಳಗುಟ್ಟನ್ನು ಅರಿತಿರುವುದು ವ್ಯಾಪಾರದ ದೃಷ್ಟಿಯಿಂದಲೂ ಅವಶ್ಯಕ.

ಕ್ರಾಸ್‌ಓವರ್‌ನ ಕಾರ್ಯ

ಮನುಷ್ಯನ ಕಿವಿಯು ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಗ್ರಹಿಸಬಲ್ಲದು. ಇಷ್ಟು ವಿಸ್ತಾರವನ್ನು ಒಂದೇ ಸ್ಪೀಕರ್ ಸಮರ್ಪಕವಾಗಿ ನಿಭಾಯಿಸಲಾರದು. ಆದುದರಿಂದ ಮಂದ್ರ ಧ್ವನಿಗೆ ವೂಫರ್, ತಾರ ಧ್ವನಿಗೆ ಟ್ವೀಟರ್ ಎಂಬ ವಿಭಜನೆಯಾಗಿದೆ. ಆಂಪ್ಲಿಫೈಯರ್‌ನಿಂದ ಬರುವ ಸಂಕೇತವನ್ನು ಇವೆರಡಕ್ಕೂ ಹಂಚುವುದೇ ಕ್ರಾಸ್‌ಓವರ್‌ನ ಕೆಲಸ. ಇದಕ್ಕೆ ಪ್ರತ್ಯೇಕ ವಿದ್ಯುತ್ ಪೂರೈಕೆ ಬೇಡವಾದ ಕಾರಣ ‘ಪ್ಯಾಸಿವ್’ ಎಂಬ ಹೆಸರು ಬಂದಿದೆ. ಕೆಪಾಸಿಟರ್ ಕೆಳಗಿನ ಧ್ವನಿಯನ್ನು ತಡೆದು ಟ್ವೀಟರನ್ನು ರಕ್ಷಿಸುತ್ತದೆ. ತಂತಿಯ ಕಾಯಿಲ್ ಮೇಲಿನ ಧ್ವನಿಯನ್ನು ತಡೆದು ವೂಫರ್‌ಗೆ ಅದರ ಪಾಲನ್ನಷ್ಟೇ ಕೊಡುತ್ತದೆ.

ಒಂದೇ ಕೆಪಾಸಿಟರ್ ಇದ್ದಲ್ಲಿ, ಆವರ್ತನವು ಅರ್ಧಕ್ಕೆ ಇಳಿದಂತೆಲ್ಲ ಟ್ವೀಟರ್‌ಗೆ ಹೋಗುವ ಧ್ವನಿ 6 ಡೆಸಿಬೆಲ್‌ನಷ್ಟು, ಅಂದರೆ ಶಕ್ತಿಯ ಲೆಕ್ಕದಲ್ಲಿ ಕಾಲುಭಾಗಕ್ಕೆ, ಇಳಿಯುತ್ತದೆ. ಜೊತೆಗೆ ಒಂದು ಕಾಯಿಲ್ ಸೇರಿದರೆ ಇಳಿತವು 12 ಡೆಸಿಬೆಲ್ ಆಗಿ, ಶಕ್ತಿ ಹದಿನಾರನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಟ್ವೀಟರ್‌ಗೆ ದೊರೆಯುವ ರಕ್ಷಣೆಯಲ್ಲಿ ಈ ಅಂತರ ಸಣ್ಣದಲ್ಲ.

ಗುಣಮಟ್ಟ ಅಡಗಿರುವುದೆಲ್ಲಿ?

4 ಓಮ್‌ನ ಟ್ವೀಟರನ್ನು 4,000 ಹರ್ಟ್ಸ್‌ನಲ್ಲಿ ಬೇರ್ಪಡಿಸಲು ಸುಮಾರು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು. ಅಗ್ಗದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಮೌಲ್ಯದಲ್ಲಿ ಶೇ. 20ರಷ್ಟು ಹೆಚ್ಚುಕಡಿಮೆ ಇರುವುದುಂಟು. ಅದು 8 ಮೈಕ್ರೋಫ್ಯಾರಡ್ ಆಗಿದ್ದರೆ ಬೇರ್ಪಡುವ ಸ್ಥಾನ ಸುಮಾರು 5,000 ಹರ್ಟ್ಸ್‌ಗೆ ಏರುತ್ತದೆ. 12 ಆಗಿದ್ದರೆ ಸುಮಾರು 3,300ಕ್ಕೆ ಇಳಿದು ಟ್ವೀಟರ್‌ನ ಮೇಲೆ ಹೊರೆ ಬೀಳುತ್ತದೆ. ಎಡಬದಿಯಲ್ಲಿ ಒಂದು, ಬಲಬದಿಯಲ್ಲಿ ಇನ್ನೊಂದು ಇದ್ದರಂತೂ ಗಾಯಕನ ಕಂಠವು ಒಂದೆಡೆ ನಿಲ್ಲದೆ ಚದುರಿದಂತೆ ಕೇಳಿಸುತ್ತದೆ. ಶೇ. 5ರೊಳಗಿನ ವ್ಯತ್ಯಾಸದ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್‌ಗೆ ಬೆಲೆ ಹೆಚ್ಚಾಗಲು ಇದೇ ಕಾರಣ.

ಕಾಯಿಲ್‌ನ ವಿಷಯವೂ ಹೀಗೆಯೇ. ತೆಳುತಂತಿಯ ಕಾಯಿಲ್‌ಗೆ 0.4 ಓಮ್ ರೋಧವಿದೆಯೆಂದು ಭಾವಿಸಿದರೆ, 4 ಓಮ್ ವೂಫರ್‌ನೊಡನೆ ಶಕ್ತಿಯ ಸುಮಾರು ಶೇ. 9 ಕಾಯಿಲ್‌ನಲ್ಲಿಯೇ ಶಾಖವಾಗಿ ವ್ಯಯವಾಗುತ್ತದೆ. ಬೇಸ್‌ನ ಬಿಗಿಯೂ ಸಡಿಲಗೊಳ್ಳುತ್ತದೆ. ಕಬ್ಬಿಣದ ತಿರುಳಿನ ಚಿಕ್ಕ ಕಾಯಿಲ್‌ಗೆ ತಾಮ್ರ ಕಡಿಮೆ ಸಾಕು. ಆದರೆ ಧ್ವನಿ ಏರಿಸಿದಾಗ ಅದರ ತಿರುಳು ಕಾಂತೀಯವಾಗಿ ತುಂಬಿಹೋಗಿ ಸ್ವರ ಒಡೆಯಬಹುದು. ತಿರುಳಿಲ್ಲದ ಕಾಯಿಲ್‌ಗೆ ಈ ದೋಷವಿಲ್ಲ. ಅದಕ್ಕೆ ದಪ್ಪ ತಾಮ್ರದ ತಂತಿ ಹೆಚ್ಚು ಬೇಕಾಗುತ್ತದೆ.

ಕರಾವಳಿಯ ಹವೆ

ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಕಾವು ವಿಪರೀತವಾಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಸಾಮಾನ್ಯ ನಿಯಮ. ಅದು ಒಣಗಿದಂತೆ ತಾರ ಧ್ವನಿ ಮಂಕಾಗುತ್ತದೆ. ಇನ್ನು ಬಾಗಿಲಿನ ಒಳಭಾಗಕ್ಕೆ ಮಳೆನೀರು ಇಳಿಯುವುದು ಸಹಜ. ಅಲ್ಲಿ ಕ್ರಾಸ್‌ಓವರ್ ಕೂರಿಸಿದರೆ ಉಪ್ಪು ಬೆರೆತ ತೇವಕ್ಕೆ ಸ್ಕ್ರೂ ಹಾಗೂ ಬೆಸುಗೆ ಹಸಿರುಗಟ್ಟುತ್ತವೆ. ಡ್ಯಾಶ್‌ಬೋರ್ಡ್‌ನ ಕೆಳಗಿನ ಒಣ ಜಾಗವೇ ಅದಕ್ಕೆ ಯೋಗ್ಯ.

ಲೆಕ್ಕಪುಸ್ತಕ ಹೇಳುವುದೇನು?

ಒಂದು ಕಲ್ಪಿತ ಲೆಕ್ಕವನ್ನು ಗಮನಿಸಬಹುದು. ಕಡಿಮೆ ಗುಣಮಟ್ಟದ ಸೆಟ್ ತರಿಸಿದ ವರ್ತಕನಿಗೆ ಪ್ರತಿ ಸೆಟ್‌ಗೆ 150 ರೂಪಾಯಿ ಉಳಿಯಿತೆನ್ನೋಣ. 20 ಸೆಟ್‌ಗೆ 3,000 ರೂಪಾಯಿ. ಅವುಗಳಲ್ಲಿ ಮೂರು ಮರಳಿ ಬಂದು, ಪ್ರತಿಯೊಂದಕ್ಕೂ ಟ್ವೀಟರ್‌ಗೆ 500, ಬಾಗಿಲು ಬಿಚ್ಚಿ ಜೋಡಿಸುವ ಕೂಲಿಗೆ 600 ತಗುಲಿದರೆ ವೆಚ್ಚ 3,300 ರೂಪಾಯಿ. ಉಳಿತಾಯವೆಲ್ಲ ಕರಗಿ 300 ರೂಪಾಯಿ ನಷ್ಟ. ಕಳೆದುಹೋದ ಗಿರಾಕಿಯ ವಿಶ್ವಾಸಕ್ಕೆ ಖಾತೆಯಲ್ಲಿ ಕಲಮೇ ಇಲ್ಲ.

ಕಾನೂನಿನ ಮುಖವೂ ಇದೆ. ಗ್ರಾಹಕನು ತನ್ನ ಉದ್ದೇಶವನ್ನು ತಿಳಿಸಿ, ಆ ಸರಕಿನ ವ್ಯಾಪಾರಿಯ ಪರಿಣತಿಯನ್ನು ನಂಬಿ ಕೊಂಡಲ್ಲಿ, ಸರಕು ಆ ಉದ್ದೇಶಕ್ಕೆ ತಕ್ಕಂತಿರಬೇಕೆಂಬ ಷರತ್ತು 1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಅಂತರ್ಗತವಾಗಿರುತ್ತದೆ.

ಖರೀದಿಗೆ ಮುನ್ನ

1. ಕ್ರಾಸ್‌ಓವರ್‌ನ ಮುಚ್ಚಳ ತೆರೆದು, ಕೆಪಾಸಿಟರ್‌ನ ಬಗೆಯನ್ನೂ ಕಾಯಿಲ್‌ಗಳ ಸಂಖ್ಯೆಯನ್ನೂ ನೋಡತಕ್ಕದ್ದು.

2. ಮಾದರಿ ಕಾಯಿಲ್‌ನ ತಂತಿಯ ತುದಿಯನ್ನು ಕೆರೆಯಬೇಕು. ಒಳಗೆ ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ.

3. ಎಡ-ಬಲ ಜೋಡಿಯ ಬಿಡಿಭಾಗಗಳನ್ನು ಎಲ್‌ಸಿಆರ್ ಮೀಟರ್‌ನಿಂದ ಅಳೆದು ತಾಳೆ ನೋಡಬೇಕು.

4. ವಾರಂಟಿಯ ಅವಧಿ ಹಾಗೂ ಬದಲಿ ಭಾಗದ ಹೊಣೆಯನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆಯತಕ್ಕದ್ದು.

ಸಣ್ಣ ಉದ್ಯಮಿಗಳಿಗೆ ಇದರಲ್ಲಿ ಅವಕಾಶವೂ ಉಂಟು. ಕಾಯಿಲ್ ಸುತ್ತುವುದು, ಅಳೆದು ಜೋಡಿ ಮಾಡುವುದು, ಬೋರ್ಡಿಗೆ ತೇವನಿರೋಧಕ ಲೇಪ ಕೊಡುವುದು — ಇವಕ್ಕೆ ಭಾರೀ ಯಂತ್ರೋಪಕರಣಕ್ಕಿಂತ ಶ್ರದ್ಧೆಯೇ ಹೆಚ್ಚು ಬೇಕು. ಕರಾವಳಿಯ ಹವೆಗೆ ಬಾಳುವ ಕ್ರಾಸ್‌ಓವರನ್ನು ಕರಾವಳಿಯಲ್ಲಿಯೇ ತಯಾರಿಸಿ ಪರೀಕ್ಷಿಸುವವರಿಗೆ, ಮಾರಾಟದ ನಂತರ ಮರಳಿ ಬಾರದ ಸರಕೇ ಉತ್ತಮ ಜಾಹೀರಾತು.