ಹೇಳದ ಕಥೆ, ಹಾಡದ ಹಾಡು: ಅನ್ಯರ ಮನಸ್ಸನ್ನು ಅರಿಯುವ ಬಗೆ

ಮತ್ತೊಬ್ಬರ ಮನಸ್ಸಿನಲ್ಲಿರುವ ಲೋಕಚಿತ್ರವನ್ನು ನಮ್ಮೊಳಗೆ ರೂಪಿಸಿಕೊಳ್ಳುವ ಸಾಮರ್ಥ್ಯವನ್ನು ಮನೋವಿಜ್ಞಾನವು ‘ಮನಸ್ಸಿನ ಸಿದ್ಧಾಂತ’ ಎನ್ನುತ್ತದೆ. ಇದನ್ನು ಪರೀಕ್ಷಿಸಲು ವಿಮ್ಮರ್ ಮತ್ತು ಪರ್ನರ್ 1983ರಲ್ಲಿ ಬಳಸಿದ್ದೂ ಕಥೆಯನ್ನೇ. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೋಗುತ್ತಾನೆ. ತಾಯಿ ಅದನ್ನು ಇನ್ನೊಂದಕ್ಕೆ ಸ್ಥಳಾಂತರಿಸುತ್ತಾಳೆ. ಮರಳಿದ ಮ್ಯಾಕ್ಸಿ ಎಲ್ಲಿ ಹುಡುಕುವನು? ತೀರ ಎಳೆಯ ಮಕ್ಕಳು ತಮಗೆ ತಿಳಿದ ಹೊಸ ಜಾಗವನ್ನೇ ತೋರಿಸಿದರು.

ಎ.ಕೆ. ರಾಮಾನುಜನ್ ಅವರು 1991ರ ತಮ್ಮ ಸಂಕಲನದಲ್ಲಿ ಪ್ರಕಟಿಸಿದ ಕನ್ನಡ ಜನಪದ ಕಥೆಯೊಂದು ಇಂಥದೇ ತಪ್ಪು ನಂಬಿಕೆಯ ಮೇಲೆ ನಿಂತಿದೆ. ಗೃಹಿಣಿಯೊಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತು. ಆಕೆ ಯಾರಿಗೂ ಹೇಳಳು. ಉಸಿರುಗಟ್ಟಿದ ಅವು, ಆಕೆ ನಿದ್ರಿಸುವಾಗ ಬಾಯಿಂದ ಹೊರಬಿದ್ದು ಪಾದರಕ್ಷೆಗಳಾಗಿ, ಗಂಡಸಿನ ಕೋಟಾಗಿ ಮಾರ್ಪಡುತ್ತವೆ. ಅವನ್ನು ಕಂಡ ಗಂಡ ಪರಪುರುಷನನ್ನು ಶಂಕಿಸಿ, ಮುನಿದು ಹನುಮಂತನ ಗುಡಿಯಲ್ಲಿ ಮಲಗುತ್ತಾನೆ. ಊರಿನಲ್ಲಿ ಆರಿಸಿದ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಅಲ್ಲಿ ಸೇರುವುದುಂಟು. ಅವನ ಮನೆಯ ಜ್ವಾಲೆ ಉಳಿದವುಗಳಿಗೆ ಹೇಳಿದ ಸುದ್ದಿ ಅವನ ಕಿವಿಗೂ ಬೀಳುತ್ತದೆ.

ಗಂಡ ಕಂಡದ್ದು ಸುಳ್ಳಲ್ಲ. ಅದಕ್ಕೆ ಕಟ್ಟಿದ ಅರ್ಥ ಸುಳ್ಳು. ಹೆಂಡತಿಗೋ ಆ ವಸ್ತುಗಳ ಮೂಲವೇ ತಿಳಿಯದು. ಈ ಎರಡು ಮನೋಚಿತ್ರಗಳನ್ನೂ ವಸ್ತುಸ್ಥಿತಿಯನ್ನೂ ಕೇಳುಗನು ಒಮ್ಮೆಗೇ ಹಿಡಿದಿಟ್ಟುಕೊಳ್ಳಬೇಕು. ಆದರೆ ಕಥೆ ಪ್ರಯೋಗಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮ್ಯಾಕ್ಸಿ ಕಪಾಟು ತೆರೆದು ತನ್ನ ತಪ್ಪನ್ನು ತಿದ್ದಿಕೊಳ್ಳಬಲ್ಲ. ಮನಸ್ಸನ್ನು ಹಾಗೆ ತೆರೆದು ನೋಡಲಾಗದು. ಆಡದ ಮಾತಿನ ಜಾಗವನ್ನು ನೋಡುವವನ ಶಂಕೆ ತುಂಬುತ್ತದೆ. ಬೆಳಗ್ಗೆ ಮನೆಗೆ ಬಂದ ಗಂಡ ಕಥೆಯನ್ನೂ ಹಾಡನ್ನೂ ಕುರಿತು ಕೇಳಿದಾಗ ಆಕೆಗೆ ಎರಡೂ ಮರೆತುಹೋಗಿರುತ್ತವೆ. ಅವನ ಸಂಶಯವೇನೋ ತೀರಿತು. ಆಕೆಯ ಮನಸ್ಸಿನಲ್ಲಿ ಇದ್ದುದೇನೆಂಬುದು ಮಾತ್ರ ಕೊನೆಗೂ ತಿಳಿಯಲಿಲ್ಲ.